ಕ್ಯಾಲಿಬ್ರೇಶನ್ ಗೆರೆ ಸರಿಯಿದ್ದರೂ ನೀರಿನ ಕಬ್ಬಿಣದ ಲೆಕ್ಕ ಹೊಂದುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ: ಜಂಬಿಟ್ಟಿಗೆ

ಎಲ್ಲರಿಗೂ ನಮಸ್ಕಾರ. ನಾನು ರಸಾಯನಶಾಸ್ತ್ರ ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಕರಾವಳಿಯ ನಮ್ಮ ಊರಿನ ಮೂರು ಕಡೆಯ ನೀರಿನಲ್ಲಿ ಕಬ್ಬಿಣ ಎಷ್ಟಿದೆ ಎಂಬುದನ್ನು ಫಿನಾಂತ್ರೋಲೀನ್ (ಕಬ್ಬಿಣದೊಂದಿಗೆ ಸೇರಿ ಕಿತ್ತಳೆ-ಕೆಂಪು ಬಣ್ಣ ಕೊಡುವ ರಾಸಾಯನಿಕ) ವಿಧಾನದಿಂದ ಅಳೆಯುವುದು ನನ್ನ ಪ್ರಾಜೆಕ್ಟ್. ಅಳತೆಯೆಲ್ಲ ಮುಗಿದು, ಲೆಕ್ಕದ ಹಂತದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೋರ್ ಲವಣವನ್ನು (ಫೆರಸ್ ಅಮೋನಿಯಂ ಸಲ್ಫೇಟ್) 0.7022 ಗ್ರಾಂ ತೂಗಿ, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಒಂದು ಲೀಟರಿಗೆ ಕರಗಿಸಿ, ಲೀಟರಿಗೆ 100 ಮಿ.ಗ್ರಾಂ ಕಬ್ಬಿಣವಿರುವ ಸ್ಟಾಕ್ ದ್ರಾವಣ ಮಾಡಿಕೊಂಡೆ. ಅದನ್ನು ಹತ್ತು ಪಟ್ಟು ತೆಳುಗೊಳಿಸಿ, ಅದರಿಂದ 2.5, 5, 10, 15 ಮತ್ತು 20 ಮಿ.ಲೀ. ಪಿಪೆಟ್ ಮಾಡಿ 50 ಮಿ.ಲೀ. ಸ್ಟ್ಯಾಂಡರ್ಡ್ ಫ್ಲಾಸ್ಕುಗಳಿಗೆ ಹಾಕಿದೆ. ಪ್ರತಿಯೊಂದಕ್ಕೂ ಹೈಡ್ರಾಕ್ಸಿಲಮೀನ್, ಅಸಿಟೇಟ್ ಬಫರ್ ಮತ್ತು 5 ಮಿ.ಲೀ. ಫಿನಾಂತ್ರೋಲೀನ್ (ಶೇ. 0.1) ಹಾಕಿ, ಗುರುತಿನವರೆಗೆ ತುಂಬಿ, ಕಾಲು ಗಂಟೆ ಬಿಟ್ಟು 510 ನ್ಯಾನೊಮೀಟರಿನಲ್ಲಿ 1 ಸೆಂ.ಮೀ. ಕ್ಯೂವೆಟ್ಟಿನಲ್ಲಿ (ಬೆಳಕು ಹಾಯಿಸುವ ಚಿಕ್ಕ ಪಾತ್ರೆ) ಓದಿದೆ. ಯಂತ್ರವನ್ನು ಡಿಸ್ಟಿಲ್ಡ್ ವಾಟರಿನಿಂದ ಸೊನ್ನೆಗೆ ತಂದಿದ್ದೆ. ಬಂದ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬುದರ ಅಳತೆ) ಹೀಗಿದೆ:

0 ಮಿ.ಗ್ರಾಂ/ಲೀ: 0.006
0.5 ಮಿ.ಗ್ರಾಂ/ಲೀ: 0.104
1 ಮಿ.ಗ್ರಾಂ/ಲೀ: 0.203
2 ಮಿ.ಗ್ರಾಂ/ಲೀ: 0.405
3 ಮಿ.ಗ್ರಾಂ/ಲೀ: 0.598
4 ಮಿ.ಗ್ರಾಂ/ಲೀ: 0.800

ಈ ಬಿಂದುಗಳ ಮೂಲಕ ಎಳೆದ ಕ್ಯಾಲಿಬ್ರೇಶನ್ ಗೆರೆಗೆ ಎಕ್ಸೆಲ್ ಕೊಟ್ಟ ಸಮೀಕರಣ: ಅಬ್ಸಾರ್ಬೆನ್ಸ್ = 0.1984 × ಸಾರತೆ + 0.0055. ಆರ್-ವರ್ಗದ (ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬುದರ ಅಳತೆ, ಹೆಚ್ಚೆಂದರೆ 1) ಬೆಲೆ 1 ಎಂದೇ ತೋರಿಸಿದೆ.

ನೀರಿನ ಮಾದರಿಗಳನ್ನು ತಲಾ 25 ಮಿ.ಲೀ. ತೆಗೆದುಕೊಂಡು ಅದೇ ರೀತಿ 50 ಮಿ.ಲೀ. ಫ್ಲಾಸ್ಕಿನಲ್ಲಿ ಬಣ್ಣ ಬರಿಸಿದೆ. ನಮ್ಮ ಮನೆಯ ಬೋರ್‌ವೆಲ್ 0.164, ಶಾಲೆಯ ಹತ್ತಿರದ ಬೋರ್‌ವೆಲ್ 1.046, ನಲ್ಲಿ ನೀರು 0.014. ಸಮೀಕರಣದಲ್ಲಿ ಇಟ್ಟಾಗ ನಮ್ಮ ಮನೆಯ ನೀರಿಗೆ 0.80 ಬಂತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಕಬ್ಬಿಣದ ಮಿತಿ ಲೀಟರಿಗೆ 1.0 ಮಿ.ಗ್ರಾಂ ಆಗಿರುವುದರಿಂದ ‘ಮಿತಿಯೊಳಗಿದೆ’ ಎಂದು ಬರೆದು ಗೈಡ್ ಮೇಡಂಗೆ ತೋರಿಸಿದೆ. ಅವರು ಹಾಳೆಯನ್ನು ನೋಡಿ, ‘ಹಾಗಾದರೆ ನಿಮ್ಮ ಮನೆಯ ಕೊಡದ ತಳ ಯಾಕೆ ಕೆಂಪಾಗುತ್ತದೆ?’ ಎಂದು ಕೇಳಿ ಹಾಳೆಯನ್ನು ವಾಪಸು ಕೊಟ್ಟರು. ಗೆಳೆಯನೊಬ್ಬ ಗೆರೆಯನ್ನು ಸೊನ್ನೆಯ ಮೂಲಕ ಹಾಯುವಂತೆ ಮಾಡಿದರೆ ಸರಿಹೋಗುತ್ತದೆ ಎಂದ. ಮಾಡಿದೆ, 0.82 ಬಂತು. ಅದರಿಂದ ಕೆಂಪು ಬಣ್ಣಕ್ಕೆ ಉತ್ತರ ಸಿಗಲಿಲ್ಲ. ದಯವಿಟ್ಟು ಎಲ್ಲಿ ತಪ್ಪಿದ್ದೇನೆ ಎಂದು ತಿಳಿಸಿ.

ಉತ್ತರ 1: ಬಾವಿಕಟ್ಟೆ

ನಾನು ನೀರು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಹದಿನೆಂಟು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಅಂಕಿಗಳನ್ನು ಮುಚ್ಚಿಡದೆ ಕೊಟ್ಟಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು.

ಮೊದಲಿಗೆ, ನಿಮ್ಮ ಗೆರೆಯಲ್ಲಿ ದೋಷವಿಲ್ಲ. ಹಾಗೆ ಹೇಳುವುದಕ್ಕೆ ಆರ್-ವರ್ಗಕ್ಕಿಂತ ಗಟ್ಟಿಯಾದ ಸಾಕ್ಷಿಯೊಂದು ನಿಮ್ಮ ಹಾಳೆಯಲ್ಲೇ ಇದೆ. ಕಬ್ಬಿಣ ಮತ್ತು ಫಿನಾಂತ್ರೋಲೀನ್ ಸೇರಿ ಆಗುವ ಕಿತ್ತಳೆ-ಕೆಂಪು ಸಂಯುಕ್ತದ ಮೋಲಾರ್ ಹೀರುವಿಕೆ (ಲೀಟರಿಗೆ ಒಂದು ಮೋಲ್ ಇದ್ದರೆ 1 ಸೆಂ.ಮೀ.ಗೆ ಬರಬೇಕಾದ ಅಬ್ಸಾರ್ಬೆನ್ಸ್) 510 ನ್ಯಾನೊಮೀಟರಿನಲ್ಲಿ ಸುಮಾರು 11,100. ಒಂದು ಲೀಟರಿನಲ್ಲಿ 1 ಮಿ.ಗ್ರಾಂ ಕಬ್ಬಿಣವಿದ್ದರೆ, ಪರಮಾಣು ತೂಕ 55.85ರಿಂದ ಭಾಗಿಸಿದಾಗ ಅದು 0.0000179 ಮೋಲ್ ಆಗುತ್ತದೆ. ಇವೆರಡನ್ನೂ ಗುಣಿಸಿದರೆ 1 ಸೆಂ.ಮೀ. ಕ್ಯೂವೆಟ್ಟಿನಲ್ಲಿ 0.199 ಬರಬೇಕು. ನಿಮ್ಮ ಗೆರೆಯ ಇಳಿಜಾರು 0.1984. ಮೋರ್ ಲವಣವನ್ನು ತೂಗುವಾಗಲೋ ಹತ್ತು ಪಟ್ಟು ತೆಳುಗೊಳಿಸುವಾಗಲೋ ಕೈ ತಪ್ಪಿದ್ದರೆ ಬಿಂದುಗಳೆಲ್ಲ ಒಂದೇ ನೇರದಲ್ಲಿ ಕುಳಿತು ಆರ್-ವರ್ಗ ಚೆನ್ನಾಗಿಯೇ ಬರುತ್ತಿತ್ತು, ಇಳಿಜಾರು ಮಾತ್ರ ಬೇರೆಯಾಗುತ್ತಿತ್ತು. ಹಳಸಿ ಹಳದಿಗಟ್ಟಿದ ಮೋರ್ ಲವಣದಿಂದ ಮಾಡಿದ ಗೆರೆಗಳನ್ನು ನಾನು ಹೀಗೆಯೇ ಹಿಡಿದಿದ್ದೇನೆ.

ತಪ್ಪಿರುವುದು ಗೆರೆಯಿಂದ ಆಚೆಗೆ. ಗೆರೆಗೆ ಗೊತ್ತಿರುವುದು ಕ್ಯೂವೆಟ್ಟಿನೊಳಗಿನ ದ್ರಾವಣ ಮಾತ್ರ, ನಿಮ್ಮ ಬಾಟಲಿಯ ನೀರು ಅದಕ್ಕೆ ಗೊತ್ತಿಲ್ಲ. 0.164ರಿಂದ 0.0055 ಕಳೆದು 0.1984ರಿಂದ ಭಾಗಿಸಿದಾಗ ಬರುವ 0.80 ಎಂಬುದು 50 ಮಿ.ಲೀ. ಫ್ಲಾಸ್ಕಿನೊಳಗಿನ ಸಾರತೆ. ಆ ಫ್ಲಾಸ್ಕಿಗೆ ನೀವು ಹಾಕಿದ್ದು 25 ಮಿ.ಲೀ. ನೀರನ್ನು, ಉಳಿದರ್ಧ ರೀಏಜೆಂಟು (ಬಣ್ಣ ಬರಿಸಲು ಹಾಕಿದ ರಾಸಾಯನಿಕಗಳು) ಮತ್ತು ಡಿಸ್ಟಿಲ್ಡ್ ವಾಟರು. ಆದ್ದರಿಂದ 50ನ್ನು 25ರಿಂದ ಭಾಗಿಸಿ ಬರುವ 2ರಿಂದ ಗುಣಿಸಲೇಬೇಕು. ನಿಮ್ಮ ಮನೆಯ ನೀರಿನಲ್ಲಿರುವುದು 1.6, ಅಂದರೆ ಅದು ಮಿತಿಯ ಮೇಲಿದೆ. ಸ್ಟ್ಯಾಂಡರ್ಡುಗಳಿಗೆ (ಗೊತ್ತಿರುವಷ್ಟು ಕಬ್ಬಿಣ ಹಾಕಿ ಮಾಡಿದ ದ್ರಾವಣಗಳಿಗೆ) ಈ ಗುಣಾಕಾರ ಏಕಿಲ್ಲ ಎಂಬ ಗೊಂದಲ ಅನೇಕರಿಗೆ ಇರುತ್ತದೆ. 10 ಮಿ.ಗ್ರಾಂನ ದ್ರಾವಣದಿಂದ 5 ಮಿ.ಲೀ. ತೆಗೆದು 50ಕ್ಕೆ ತುಂಬಿದಾಗ ಅದನ್ನು ನೀವು ‘1 ಮಿ.ಗ್ರಾಂ’ ಎಂದು ಬರೆದುಕೊಂಡಿರಿ, ‘10’ ಎಂದಲ್ಲ. ಅಂದರೆ ಅಲ್ಲಿ ತೆಳುಗೊಳಿಸಿದ ಲೆಕ್ಕವನ್ನು ಮೊದಲೇ ಮಾಡಿ ಮುಗಿಸಿದ್ದೀರಿ. ಮಾದರಿಗೆ ಅದನ್ನು ಕೊನೆಯಲ್ಲಿ ಮಾಡಬೇಕು, ಅಷ್ಟೇ ವ್ಯತ್ಯಾಸ.

ಮಿತಿಯ ಬಗ್ಗೆ ಒಂದು ಮಾತು. 2012ರ ಐಎಸ್ 10500ರಲ್ಲಿ ಕಬ್ಬಿಣಕ್ಕೆ ಮೊದಲಿದ್ದದ್ದು 0.3, ಅದನ್ನು 1.0ಕ್ಕೆ ಏರಿಸಿದ್ದು 2015ರ ತಿದ್ದುಪಡಿ. ವರದಿಯಲ್ಲಿ ಯಾವುದನ್ನು ಹಿಡಿದಿದ್ದೀರಿ ಎಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಹಳೆಯ ಪ್ರತಿಗಳನ್ನು ಇಟ್ಟುಕೊಂಡು ಪ್ರಶ್ನೆ ಕೇಳುವ ಪರೀಕ್ಷಕರು ಇನ್ನೂ ಇದ್ದಾರೆ.

ಉತ್ತರ 2: ನೇರಗೆರೆ

ಬಾವಿಕಟ್ಟೆಯವರು ಮುಖ್ಯವಾದುದನ್ನು ಹೇಳಿದ್ದಾರೆ. ಪದವಿ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವನಾದ್ದರಿಂದ ಉಳಿದ ಎರಡು ಮಾದರಿಗಳ ಬಗ್ಗೆ ಬರೆಯುತ್ತೇನೆ. ಜಂಬಿಟ್ಟಿಗೆಯವರೇ, ನೀವು ಕೇಳದಿದ್ದರೂ ನಿಜವಾದ ಅಪಾಯ ಇರುವುದು ಅಲ್ಲಿಯೇ.

ಶಾಲೆಯ ಹತ್ತಿರದ ಬೋರ್‌ವೆಲ್ಲಿನ 1.046ನ್ನು ಸಮೀಕರಣಕ್ಕೆ ಹಾಕಿದರೆ ಫ್ಲಾಸ್ಕಿನಲ್ಲಿ 5.24, ಎರಡರಿಂದ ಗುಣಿಸಿದರೆ 10.5 ಬರುತ್ತದೆ. ಆದರೆ ನಿಮ್ಮ ಗೆರೆ 4ರಲ್ಲೇ ಮುಗಿದಿದೆ. ಅದರಾಚೆ ಅದು ನೇರವಾಗಿಯೇ ಹೋಗುತ್ತದೆ ಎಂಬುದಕ್ಕೆ ನಿಮ್ಮ ಬಳಿ ಯಾವ ಆಧಾರವೂ ಇಲ್ಲ. ಅಬ್ಸಾರ್ಬೆನ್ಸ್ 1 ಎಂದರೆ ಬಿದ್ದ ಬೆಳಕಿನ ಹತ್ತನೆಯ ಒಂದು ಪಾಲು ಮಾತ್ರ ದಾಟಿ ಬಂದಿದೆ ಎಂದರ್ಥ. 2 ಎಂದರೆ ನೂರರಲ್ಲಿ ಒಂದು ಪಾಲು. ಕಾಲೇಜುಗಳಲ್ಲಿರುವ ಸಾಮಾನ್ಯ ಯಂತ್ರಗಳಲ್ಲಿ ದ್ರಾವಣವನ್ನು ಹಾಯದೆಯೋ ಬೇರೆ ತರಂಗಾಂತರದಲ್ಲಿಯೋ ಡಿಟೆಕ್ಟರ್ ತಲುಪುವ ಅಡ್ಡಬೆಳಕು ಒಂದಿಷ್ಟು ಇದ್ದೇ ಇರುತ್ತದೆ. ದಾಟಿ ಬರುವ ಬೆಳಕು ಧಾರಾಳವಾಗಿರುವಾಗ ಇದು ಲೆಕ್ಕಕ್ಕೆ ಬರುವುದಿಲ್ಲ. ದ್ರಾವಣ ಗಾಢವಾಗಿ ಬೆಳಕು ಕಡಿಮೆಯಾದಾಗ ಅಡ್ಡಬೆಳಕಿನ ಪಾಲು ದೊಡ್ಡದಾಗಿ, ಯಂತ್ರ ನಿಜಕ್ಕಿಂತ ಕಡಿಮೆ ಅಬ್ಸಾರ್ಬೆನ್ಸ್ ತೋರಿಸುತ್ತದೆ. ಗೆರೆ ಮೇಲ್ತುದಿಯಲ್ಲಿ ಬಾಗುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ರೀಏಜೆಂಟಿನ ಕೊರತೆ. ಒಂದು ಕಬ್ಬಿಣದ ಅಯಾನಿಗೆ ಮೂರು ಫಿನಾಂತ್ರೋಲೀನ್ ಅಣುಗಳು ಬೇಕು. ಶೇ. 0.1ರ ದ್ರಾವಣದ 1 ಮಿ.ಲೀ. ಹೆಚ್ಚೆಂದರೆ 90ರಿಂದ 100 ಮೈಕ್ರೋಗ್ರಾಂ ಕಬ್ಬಿಣಕ್ಕೆ ಸಾಲುತ್ತದೆ. ನೀವು 5 ಮಿ.ಲೀ. ಹಾಕಿರುವುದರಿಂದ ಸದ್ಯಕ್ಕೆ ತೊಂದರೆಯಿಲ್ಲ. ಆದರೂ ಬಣ್ಣ ಬಂದ ದ್ರಾವಣವನ್ನೇ ನೀರು ಹಾಕಿ ತೆಳುಗೊಳಿಸಿ ಓದುವ ಅಭ್ಯಾಸ ಬೇಡ. ಬಣ್ಣವಾಗದೆ ಉಳಿದ ಕಬ್ಬಿಣ ನೀರು ಹಾಕಿದ ಮಾತ್ರಕ್ಕೆ ಬಣ್ಣವಾಗುವುದಿಲ್ಲ. ಮೊದಲು ಮಾದರಿಯನ್ನು ತೆಳುಗೊಳಿಸಿ, ಆಮೇಲೆ ರೀಏಜೆಂಟ್ ಹಾಕಬೇಕು. 25ರ ಬದಲು 10 ಮಿ.ಲೀ. ನೀರು ತೆಗೆದುಕೊಂಡು 50ಕ್ಕೆ ತುಂಬಿದರೆ ಗುಣಕ 5 ಆಗುತ್ತದೆ, ಓದು ಗೆರೆಯ ನಡುವೆ ಬಂದು ಕೂರುತ್ತದೆ.

ನಲ್ಲಿ ನೀರಿನದು ಇದಕ್ಕೆ ತದ್ವಿರುದ್ಧ. 0.014ರಿಂದ ಫ್ಲಾಸ್ಕಿನಲ್ಲಿ 0.043, ನೀರಿನಲ್ಲಿ 0.086 ಬರುತ್ತದೆ. ನಿಮ್ಮ ಬಿಂದುಗಳು ಗೆರೆಯಿಂದ ಎಷ್ಟು ಆಚೀಚೆ ಇವೆ ಎಂದು ನಾನು ಲೆಕ್ಕ ಹಾಕಿದೆ, ಆ ಚದುರುವಿಕೆ ಸುಮಾರು 0.002. ಅದನ್ನು 10ರಿಂದ ಗುಣಿಸಿ ಇಳಿಜಾರಿನಿಂದ ಭಾಗಿಸಿದರೆ, ಧೈರ್ಯವಾಗಿ ಅಂಕಿ ಹೇಳಬಹುದಾದ ಕನಿಷ್ಠ ಸಾರತೆ ಫ್ಲಾಸ್ಕಿನಲ್ಲಿ 0.1, ನೀರಿನಲ್ಲಿ 0.2 ಎಂದಾಗುತ್ತದೆ. 10ರ ಬದಲು 3.3ರಿಂದ ಗುಣಿಸಿದರೆ ‘ಇದೆ’ ಎಂದು ಹೇಳಬಹುದಾದ ಮಟ್ಟ ನೀರಿನಲ್ಲಿ 0.07. ನಿಮ್ಮ ನಲ್ಲಿ ನೀರು ಇವೆರಡರ ನಡುವೆ ಇದೆ. ‘ಕಬ್ಬಿಣದ ಸುಳಿವಿದೆ, 0.2 ಮಿ.ಗ್ರಾಂ/ಲೀಗಿಂತ ಕಡಿಮೆ’ ಎಂದು ಬರೆಯುವುದು ಪ್ರಾಮಾಣಿಕ. 0.0857 ಎಂದು ನಾಲ್ಕು ಸ್ಥಾನ ಬರೆದರೆ ಅದು ಕ್ಯಾಲ್ಕುಲೇಟರಿನ ಮಾತು, ಯಂತ್ರದ್ದಲ್ಲ.

ಗೆಳೆಯರ ಸಲಹೆಯ ವಿಷಯವೂ ಈ ಮಾದರಿಯಲ್ಲೇ ಬಯಲಾಗುತ್ತದೆ. ಸೊನ್ನೆಯ ಮೂಲಕ ಹಾಯಿಸಿದ ಗೆರೆಯ ಇಳಿಜಾರು 0.2003. ಮನೆಯ ನೀರಿಗೆ 0.80ರ ಬದಲು 0.82 ಬಂದದ್ದು ದೊಡ್ಡ ವ್ಯತ್ಯಾಸವೇನಲ್ಲ. ನಲ್ಲಿ ನೀರಿಗೆ ಮಾತ್ರ 0.086ರ ಬದಲು 0.14 ಬರುತ್ತದೆ, ಹೆಚ್ಚುಕಡಿಮೆ ಒಂದೂವರೆ ಪಟ್ಟು. ನೀವು ಯಂತ್ರವನ್ನು ಡಿಸ್ಟಿಲ್ಡ್ ವಾಟರಿನಿಂದ ಸೊನ್ನೆ ಮಾಡಿದ್ದೀರಿ, ಕಬ್ಬಿಣ ಹಾಕದೆ ರೀಏಜೆಂಟ್ ಮಾತ್ರ ಹಾಕಿದ ಬ್ಲ್ಯಾಂಕಿಗೇ 0.006 ಬಂದಿದೆ. ಆ 0.006 ನಿಮ್ಮ ಮಾದರಿಗಳಲ್ಲೂ ಸೇರಿಕೊಂಡಿದೆ. ಅದನ್ನು ಕಳೆಯುವ ಕೆಲಸವನ್ನು 0.0055 ಮಾಡುತ್ತಿದೆ. ಗೆರೆಯನ್ನು ಬಲವಂತವಾಗಿ ಸೊನ್ನೆಗೆ ಎಳೆದರೆ ಆ ರೀಏಜೆಂಟಿನ ಪಾಲನ್ನು ನೀರಿನ ಕಬ್ಬಿಣ ಎಂದು ಲೆಕ್ಕಕ್ಕೆ ಸೇರಿಸಿದಂತಾಗುತ್ತದೆ.

ಉತ್ತರ 3: ಗುಳಿಗೆ

ನಾನು ಔಷಧ ತಯಾರಿಕೆಯ ಗುಣಮಟ್ಟ ವಿಭಾಗದವನು, ನೀರಿನ ಅನುಭವ ಕಡಿಮೆ. ಆದರೂ ಒಂದು ಸೂಚನೆ. ಆರ್-ವರ್ಗವನ್ನು ನೋಡಿ ಸಮಾಧಾನಪಡುವ ಬದಲು ಪ್ರತಿ ಸ್ಟ್ಯಾಂಡರ್ಡಿನ ಅಬ್ಸಾರ್ಬೆನ್ಸನ್ನು ಅದೇ ಸಮೀಕರಣಕ್ಕೆ ಹಾಕಿ ತಿರುಗಿ ಲೆಕ್ಕ ಮಾಡಿ. ನಿಮ್ಮ ಅಂಕಿಗಳಲ್ಲಿ 0.5ಕ್ಕೆ 0.50, 2ಕ್ಕೆ 2.01, 3ಕ್ಕೆ 2.99 ಬರುತ್ತದೆ, ಚೆನ್ನಾಗಿದೆ. ಇದರ ಜೊತೆಗೆ ಮಾದರಿಗೇ ಗೊತ್ತಿರುವಷ್ಟು ಕಬ್ಬಿಣ ಸೇರಿಸಿ ನೋಡಿ: 25 ಮಿ.ಲೀ. ನೀರಿಗೆ 10 ಮಿ.ಗ್ರಾಂನ ದ್ರಾವಣ 2.5 ಮಿ.ಲೀ. ಹಾಕಿ 50ಕ್ಕೆ ತುಂಬಿದರೆ ಅಬ್ಸಾರ್ಬೆನ್ಸ್ 0.099ರಷ್ಟು ಏರಬೇಕು. ಗಣನೀಯವಾಗಿ ಕಡಿಮೆ ಏರಿದರೆ ನೀರಿನಲ್ಲಿರುವ ಬೇರೇನೋ ಬಣ್ಣ ಮೂಡಲು ಅಡ್ಡಿ ಮಾಡುತ್ತಿದೆ ಎಂದು ತಿಳಿಯಬೇಕು. ಡಿಸ್ಟಿಲ್ಡ್ ವಾಟರಿನಲ್ಲಿ ಎಳೆದ ಗೆರೆ ಅದನ್ನು ಎಂದಿಗೂ ಹೇಳುವುದಿಲ್ಲ.

ಜಂಬಿಟ್ಟಿಗೆ

ಮೂವರಿಗೂ ಧನ್ಯವಾದಗಳು. ಎರಡರಿಂದ ಗುಣಿಸುವುದನ್ನು ಮರೆತಿದ್ದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಗುಳಿಗೆಯವರು ಹೇಳಿದಂತೆ ಕಬ್ಬಿಣ ಸೇರಿಸಿ ನೋಡಿದೆ, ಏರಿಕೆ 0.097 ಬಂತು. ಆದರೆ ಹೊಸ ಸಮಸ್ಯೆಯೊಂದು ಎದುರಾಗಿದೆ. ಮನೆಯ ನೀರಿನ ಅದೇ ಬಾಟಲಿಯಿಂದ ಒಂದು ವಾರದ ನಂತರ ಮತ್ತೆ 25 ಮಿ.ಲೀ. ತೆಗೆದು ಅಳೆದಾಗ ಅಬ್ಸಾರ್ಬೆನ್ಸ್ 0.164ರಿಂದ 0.071ಕ್ಕೆ ಇಳಿದಿದೆ. ಸ್ಟ್ಯಾಂಡರ್ಡುಗಳು ಮೊದಲಿನಂತೆಯೇ ಓದುತ್ತಿವೆ. ಮುಚ್ಚಿಟ್ಟ ಬಾಟಲಿಯಿಂದ ಕಬ್ಬಿಣ ಹೋದದ್ದು ಎಲ್ಲಿಗೆ?

ಉತ್ತರ 4: ಬಾವಿಕಟ್ಟೆ

ಬಾಟಲಿಯನ್ನು ಬೆಳಕಿಗೆ ಹಿಡಿದು ಒಳಗೋಡೆಯನ್ನು ಬೆರಳಿನಿಂದ ಒರೆಸಿ ನೋಡಿ. ಬೆರಳಿಗೆ ಕಾವಿಯಂಥ ಬಣ್ಣ ಹತ್ತಿದರೆ ನಿಮ್ಮ ಕಬ್ಬಿಣ ಅಲ್ಲಿದೆ.

ನೆಲದಾಳದಲ್ಲಿ ಗಾಳಿಯಿಲ್ಲದ ಕಡೆ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಆದ್ದರಿಂದ ಪಂಪಿನಿಂದ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ. ಗಾಳಿ ತಾಗಿದಂತೆ ಅದು ಫೆರಿಕ್ ಆಗಿ, ಕರಗದ ಹೈಡ್ರಾಕ್ಸೈಡಾಗಿ, ಗಸಿಯಾಗಿ ಇಳಿಯುತ್ತದೆ. ನಿಮ್ಮ ಕೊಡದ ತಳ ಕೆಂಪಾಗುವುದೂ, ಬಿಳಿ ಪಂಚೆ ಒಗೆದಷ್ಟೂ ಮಾಸುವುದೂ ಇದರಿಂದಲೇ. ಬಾಟಲಿಯಲ್ಲೂ ಇದೇ ನಡೆದಿದೆ. ನೀವು ಪಿಪೆಟ್ಟನ್ನು ಮೇಲಿನ ತಿಳಿಯಲ್ಲಿ ಅದ್ದಿ ತೆಗೆದಿದ್ದೀರಿ. ಹೈಡ್ರಾಕ್ಸಿಲಮೀನ್ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಬದಲಿಸುತ್ತದೆ ನಿಜ, ಆದರೆ ಪಿಪೆಟ್ಟಿಗೆ ಬಾರದೆ ಗೋಡೆಗೆ ಅಂಟಿ ಉಳಿದದ್ದನ್ನು ಅದು ಏನೂ ಮಾಡಲಾರದು. ಮೊದಲ ದಿನದ 0.164 ಕೂಡ ಪೂರ್ತಿ ಲೆಕ್ಕವಲ್ಲ ಎಂಬುದು ನನ್ನ ಅನುಮಾನ. ನೀರು ತಂದ ದಿನವೇ ಅಳೆದಿರಾ? ಬಹುಶಃ ಇಲ್ಲ.

ಹೊಸದಾಗಿ ಮಾದರಿ ತನ್ನಿ. ಪಂಪನ್ನು ಹತ್ತು ನಿಮಿಷ ಓಡಲು ಬಿಟ್ಟು, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ತುಂಬಿಸಿ, ಅಲ್ಲಿಯೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಪ್ರಯೋಗಾಲಯದಲ್ಲಿ ಬಾಟಲಿಯನ್ನು ಚೆನ್ನಾಗಿ ಕುಲುಕಿ 50 ಮಿ.ಲೀ. ತೆಗೆದು, 2 ಮಿ.ಲೀ. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರಾಕ್ಸಿಲಮೀನ್ ಸೇರಿಸಿ, 15ರಿಂದ 20 ಮಿ.ಲೀ. ಉಳಿಯುವವರೆಗೆ ಕುದಿಸಿ. ಆರಿದ ಮೇಲೆ 100 ಮಿ.ಲೀ. ಫ್ಲಾಸ್ಕಿಗೆ ತೊಳೆದು ಹಾಕಿ, ಬಫರ್ ಮತ್ತು ಫಿನಾಂತ್ರೋಲೀನ್ ಸೇರಿಸಿ ಗುರುತಿಗೆ ತುಂಬಿ. ಫ್ಲಾಸ್ಕು ದೊಡ್ಡದಾದ್ದರಿಂದ ಫಿನಾಂತ್ರೋಲೀನನ್ನೂ 10 ಮಿ.ಲೀ.ಗೆ ಏರಿಸಿ. ಬಫರ್ ಧಾರಾಳವಾಗಿರಲಿ, ಆಮ್ಲ ಉಳಿದರೆ ಬಣ್ಣ ಮೂಡುವುದು ನಿಧಾನವಾಗುತ್ತದೆ. ಬ್ಲ್ಯಾಂಕ್ ಮತ್ತು ಸ್ಟ್ಯಾಂಡರ್ಡುಗಳನ್ನೂ ಇದೇ ಕುದಿತಕ್ಕೆ ಒಳಪಡಿಸಿ, ಏಕೆಂದರೆ ಆಮ್ಲದಲ್ಲೇ ಅಲ್ಪಸ್ವಲ್ಪ ಕಬ್ಬಿಣವಿರುತ್ತದೆ.

ಕುದಿಸಿ ನೀರು ಕಡಿಮೆಯಾದುದಕ್ಕೆ ಬೇರೆ ಗುಣಕ ಬೇಕೇ ಎಂದು ಮುಂದೆ ಕೇಳುತ್ತೀರಿ. ಬೇಡ. ಆವಿಯಾಗುವುದು ನೀರು, ಕಬ್ಬಿಣವಲ್ಲ. ಲೆಕ್ಕಕ್ಕೆ ಬೇಕಾದದ್ದು ಎಷ್ಟು ಮಾದರಿ ತೆಗೆದಿರಿ, ಕೊನೆಗೆ ಎಷ್ಟಕ್ಕೆ ತುಂಬಿದಿರಿ ಎಂಬೆರಡು ಅಳತೆಗಳು ಮಾತ್ರ. 50 ತೆಗೆದು 100ಕ್ಕೆ ತುಂಬಿದರೆ ಗುಣಕ ಆಗಲೂ 2.

ಜಂಬಿಟ್ಟಿಗೆ

ಬೆರಳಿಗೆ ಕಾವಿ ಹತ್ತಿತು. ನೀರು ತಂದು ನಾಲ್ಕು ದಿನ ಬಿಟ್ಟು ಅಳೆದಿದ್ದೆ ಎಂಬುದೂ ನಿಜ.

ಹೊಸ ಮಾದರಿಗಳನ್ನು ಬಾವಿಕಟ್ಟೆಯವರು ಹೇಳಿದಂತೆ ಆಮ್ಲ ಹಾಕಿ ತಂದು, ಕುದಿಸಿ ಅಳೆದೆ. ಕುದಿಸಿದ ಸ್ಟ್ಯಾಂಡರ್ಡುಗಳ ಗೆರೆ ಮೊದಲಿನ ಗೆರೆಯ ಮೇಲೆಯೇ ಕೂತಿದ್ದರಿಂದ ಅದೇ ಸಮೀಕರಣವನ್ನು ಬಳಸಿದ್ದೇನೆ. ಮನೆಯ ನೀರಿನ ಅಬ್ಸಾರ್ಬೆನ್ಸ್ 0.342, ಫ್ಲಾಸ್ಕಿನಲ್ಲಿ 1.70, ನೀರಿನಲ್ಲಿ 3.4 ಮಿ.ಗ್ರಾಂ/ಲೀ. ನಾನು ಮೊದಲು ಬರೆದಿದ್ದ 0.80ರ ನಾಲ್ಕು ಪಟ್ಟಿಗೂ ಮಿಕ್ಕಿದೆ.

ಶಾಲೆಯ ಹತ್ತಿರದ ನೀರನ್ನು ಬೇಕೆಂದೇ ಎರಡು ರೀತಿ ಮಾಡಿದೆ. 50 ಮಿ.ಲೀ. ತೆಗೆದು 100ಕ್ಕೆ ತುಂಬಿದಾಗ ಅಬ್ಸಾರ್ಬೆನ್ಸ್ 1.171, ಗೆರೆಯನ್ನು ಮುಂದಕ್ಕೆಳೆದು ಲೆಕ್ಕ ಹಾಕಿದರೆ 11.7. ಅದೇ ಬಾಟಲಿಯಿಂದ 20 ಮಿ.ಲೀ. ತೆಗೆದು 100ಕ್ಕೆ ತುಂಬಿದಾಗ 0.497, ಐದರಿಂದ ಗುಣಿಸಿದರೆ 12.4. ನೇರಗೆರೆ ಸರ್ ಹೇಳಿದ ಬಾಗು ನನ್ನ ಯಂತ್ರದಲ್ಲೂ ಇದೆ ಎಂದು ಗೊತ್ತಾಯಿತು. ವರದಿಗೆ 12.4ನ್ನೇ ಹಾಕುತ್ತಿದ್ದೇನೆ. ನಲ್ಲಿ ನೀರು 0.2ಕ್ಕಿಂತ ಕಡಿಮೆ ಎಂದೇ ಉಳಿಯಿತು. ಹಾಳೆಯನ್ನು ನಾಳೆ ಗೈಡ್ ಮೇಡಂಗೆ ತೋರಿಸುತ್ತೇನೆ, ಈ ಸಲ ಬಾಟಲಿಯನ್ನೂ ಜೊತೆಗೆ ಒಯ್ಯುತ್ತೇನೆ.